ಚುಕ್ಕಿಯಿಡದ ಬಾಗಿಲು

"ಸಕ್ಕತ್ತಾಗಿದೆ ಮೇಡಂ ರಂಗೋಲಿ. ಕೈ ಹುಷಾರಾಯ್ತು ಅನ್ನಿ."

ಪಂಕಜಾ ಬಗ್ಗಿದ್ದಲ್ಲಿಂದಲೇ ತಲೆ ಎತ್ತಿದಳು. ಒಂದು ಕಾಲನ್ನು ನೆಲಕ್ಕೂರಿ ಸೈಕಲ್ ನಿಲ್ಲಿಸಿಕೊಂಡು ನಗುತ್ತಿದ್ದವರು ಪಟ್ಟಾಭಿರಾಮ. ಅವಳು ಕೆಲಸ ಮಾಡುವ ಕಾರ್ಖಾನೆಯಲ್ಲಿ ಸಿಬ್ಬಂದಿಯ ವಿಷಯ ನೋಡುವ ಪರ್ಸನೆಲ್ ಆಫೀಸಿನ ಗುಮಾಸ್ತರು. ನಾಗಸಂದ್ರದಲ್ಲಿ ಅವರ ಮನೆ ಇವಳ ಮನೆಯ ಹಿಂದಿನ ಬೀದಿಯಲ್ಲೇ. ದಿನಾ ಬೆಳಿಗ್ಗೆ ಆರೂವರೆಗೆ ಹಾಲಿಗೆಂದು ಇದೇ ದಾರಿಯಲ್ಲಿ ಹೋಗುತ್ತಾರೆ. ದಿನಾ ಹೋಗುವವರು ಆ ಮಂಗಳವಾರ ನಿಂತರು.

"ಇಲ್ಲ... ಇನ್ನೂ..." ಎಂದಳು ಪಂಕಜಾ. ಹೆಬ್ಬೆರಳು ತೋರುಬೆರಳಿನ ನಡುವೆ ರಂಗೋಲಿ ಪುಡಿ ಹಾಗೇ ಉಳಿದಿತ್ತು. ಅದನ್ನು ಎಲ್ಲಿ ಬಿಡಬೇಕೆಂದು ತಿಳಿಯಲಿಲ್ಲ.

"ಸೋಮವಾರ ಅಲ್ವಾ ನಿಮ್ಮ ಬೋರ್ಡು? ಲೆಟರ್ ಟೈಪ್ ಮಾಡಿಸಿದ್ದು ನಾನೇ. ಹದಿನೈದು ಚುಕ್ಕೀನಾ ಇದು? ನಮ್ಮನೇಲಿ ಐದು ಚುಕ್ಕಿ ದಾಟಲ್ಲ ಮೇಡಂ." ಪಟ್ಟಾಭಿರಾಮ ಇನ್ನೊಮ್ಮೆ ರಂಗೋಲಿಯನ್ನು ನೋಡಿ, ಗಂಟೆ ಬಾರಿಸಿ ಹೊರಟುಹೋದರು.

ಅವರ ಮಾತಿನಲ್ಲಿ ಕೆಡುಕು ಇದ್ದಂತಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಕೆಡುಕಿಲ್ಲದವರು ಕಂಡದ್ದನ್ನು ಕಂಡ ಹಾಗೇ ಹೇಳಿಬಿಡುತ್ತಾರೆ.

ಪಂಕಜಾ ಒಳಗೆ ಬಂದು ಅಡುಗೆಮನೆಯ ಮಣೆಯ ಮೇಲೆ ಕೂತಳು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲುವವರೆಗೂ ಕೂತೇ ಇದ್ದಳು.

ಹನ್ನೆರಡು ವರ್ಷದಿಂದ ಅವಳು ಆ ಸರ್ಕಾರಿ ಕಾರ್ಖಾನೆಯ ಇನ್ಸ್‌ಪೆಕ್ಷನ್ ಸೆಕ್ಷನ್ನಿನಲ್ಲಿದ್ದಳು. ಯಂತ್ರದಿಂದ ಬರುವ ಪುಟ್ಟ ಪುಟ್ಟ ಹಿತ್ತಾಳೆಯ ಭಾಗಗಳನ್ನು ಗೇಜಿಗೆ ಹಿಡಿದು ಅಳತೆ ನೋಡುವುದು, ನೋಡಿದ್ದನ್ನು ಕಾರ್ಡಿನಲ್ಲಿ ಬರೆಯುವುದು. ಅಳತೆ ಎಷ್ಟು ನಿಖರವೋ ಅಕ್ಷರವೂ ಅಷ್ಟೇ ದುಂಡಗೆ. ರಾಜ್ಯೋತ್ಸವಕ್ಕೆ ನೋಟೀಸ್ ಬೋರ್ಡಿನ ಬರಹ ಅವಳದೇ. ಯಾರದಾದರೂ ಬೀಳ್ಕೊಡುಗೆಯಾದರೆ ಮಾನಪತ್ರ ಅವಳದೇ. ಹೋದ ಮಳೆಗಾಲದಲ್ಲಿ ಒಂದು ದಿನ, ಕಾರ್ಡಿನ ಮೇಲೆ ಪೆನ್ನು ಊರುತ್ತಲೇ ತೋರುಬೆರಳು ತಾನೇ ತಾನಾಗಿ ಒಳಕ್ಕೆ ಸುರುಟಿಕೊಂಡಿತು. ಮಣಿಕಟ್ಟು ಹೊರಳಿತು. ಪೆನ್ನಿನ ಮೊನೆ ಕಾರ್ಡನ್ನು ತೂತು ಮಾಡಿತು. ಮೊದಮೊದಲು ದಿನಕ್ಕೆ ಒಂದೆರಡು ಸಲ; ದೀಪಾವಳಿಯ ಹೊತ್ತಿಗೆ ಎರಡು ಅಕ್ಷರ ಬರೆದರೆ ಸಾಕು, ಬೆರಳು ಅವಳದಾಗಿ ಉಳಿಯುತ್ತಿರಲಿಲ್ಲ.

ಅದೂ ಪೆನ್ನು ಹಿಡಿದಾಗ ಮಾತ್ರ. ಗೇಜು ಹಿಡಿದರೆ ಏನೂ ಇಲ್ಲ. ಹುರುಳಿಕಾಯಿ ಸಣ್ಣಗೆ ಹೆಚ್ಚುವಾಗ, ಹೂ ಕಟ್ಟುವಾಗ, ಮಗಳು ಕುಮುದಳಿಗೆ ಜಡೆ ಹಾಕುವಾಗ ಅದು ಮೊದಲಿನ ಕೈಯೇ. "ಗೇಜು ಹಿಡಿಯೋಕೆ ಬರುತ್ತೆ, ಪೆನ್ನು ಹಿಡಿಯೋಕೆ ಬರಲ್ವಾ? ಚೆನ್ನಾಗಿದೆ ಕಣ್ರೀ ಕಾಯಿಲೆ" ಎಂದು ಸೂಪರ್ವೈಸರು ಎಲ್ಲರೆದುರು ನಕ್ಕಿದ್ದರು. ಪಕ್ಕದ ಮೇಜಿನ ಭಾನುಮತಿ ಮಾತ್ರ ನಗದೆ, "ದೃಷ್ಟಿ ಕಣೇ, ಅಷ್ಟು ಚೆಂದದ ಅಕ್ಷರಕ್ಕೆ ಆಗದೆ ಇರುತ್ತಾ" ಎಂದು ಒಣಮೆಣಸಿನಕಾಯಿ ನಿವಾಳಿಸಲು ಹೇಳಿದ್ದಳು. ಕಾರ್ಖಾನೆಯ ಡಾಕ್ಟರು ಹತ್ತು ಇಂಜೆಕ್ಷನ್ ಕೊಟ್ಟು, ಕೊನೆಗೆ ಚೀಟಿಯಲ್ಲಿ 'ನರಗಳ ದೌರ್ಬಲ್ಯ' ಎಂದು ಬರೆದು ರಜೆ ಕೊಟ್ಟರು. ಈಗ ಏಪ್ರಿಲ್. ರಜೆ ಮುಗಿಯುತ್ತಿತ್ತು. ಸೋಮವಾರದ ಮೆಡಿಕಲ್ ಬೋರ್ಡು ಎರಡರಲ್ಲೊಂದು ಹೇಳಬೇಕಿತ್ತು. ಕಾಯಿಲೆ ನಿಜವಾದರೆ ಬರವಣಿಗೆಯಿಲ್ಲದ ಬೇರೆ ಸೆಕ್ಷನ್ನಿಗೆ ಹಾಕುತ್ತಾರೆ. ನಟನೆ ಎಂದಾದರೆ ಸುಳ್ಳು ರಜೆ ಹಾಕಿದ್ದಕ್ಕೆ ಚಾರ್ಜ್‌ಶೀಟು. ಅದರಾಚೆ ಕೆಲಸವೇ ಹೋದರೂ ಹೋಯಿತು.

ಸಂಜೆ ಗಂಡ ಜಯಸಿಂಹ ಬಂದ ಮೇಲೆ ಪಂಕಜಾ ಎಲ್ಲ ಹೇಳಿದಳು. ಅವನು ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಯಂತ್ರದ ಟರ್ನರ್. ಆ ಶೆಡ್ಡು ಇವತ್ತು ಇದ್ದರೆ ನಾಳೆ ಇರುತ್ತದೆಂದು ಹೇಳಲಾಗುತ್ತಿರಲಿಲ್ಲ. ಮನೆಯಲ್ಲಿ ಗಟ್ಟಿ ಕೆಲಸ ಎಂದರೆ ಅವಳದೇ. ಕೈಯ ಗ್ರೀಸು ತೊಳೆಯುತ್ತಿದ್ದವನು ಸೋಪನ್ನು ಹಾಗೇ ಹಿಡಿದು ನಿಂತ.

"ನಾಳೆಯಿಂದ ರಂಗೋಲಿ ಬೇಡ."

"ಬಾಗಿಲಿಗೆ?"

"ನೀರು ಹಾಕು, ಸಾಕು. ನಲ್ಲಿ ಹತ್ರ ಬಿಂದಿಗೆ ಎತ್ತೋದಾದ್ರೆ ಎಡಗೈಲಿ ಎತ್ತು. ಹೊರಗೆ ಕೂತ್ಕೊಂಡು ತರಕಾರಿ ಹೆಚ್ಚಬೇಡ. ಹೂ ಕಟ್ಟಬೇಡ. ಬೋರ್ಡಲ್ಲಿ ಕೇಳಿದ್ರೆ ಏನೂ ಆಗಲ್ಲ ಅಂತ ಹೇಳು. ಬರೆಯೋಕೆ ಮಾತ್ರ ಆಗಲ್ಲ ಅಂದ್ರೆ ಈ ಲೋಕದಲ್ಲಿ ಯಾರು ನಂಬ್ತಾರೆ ಹೇಳು. ನಾನೇ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ನೀವೇ ಏನು?"

"ಏನಿಲ್ಲ ಬಿಡು. ಟವಲ್ ಕೊಡು."

ಕುಮುದಳನ್ನು ಬೇಸಿಗೆ ರಜಕ್ಕೆ ಅಜ್ಜಿಯ ಮನೆಗೆ ಕಳಿಸಿದ್ದರು. ಮನೆಯಲ್ಲಿ ಇಬ್ಬರೇ.

ಬುಧವಾರ ಬೆಳಿಗ್ಗೆ ಪಂಕಜಾ ಬಾಗಿಲು ಗುಡಿಸಿ, ನೀರು ಚಿಮುಕಿಸಿ, ಡಬ್ಬಿಗೆ ಕೈ ಹಾಕಲು ಹೋಗಿ ನಿಲ್ಲಿಸಿದಳು. ಒದ್ದೆ ನೆಲ ಬೋಳಾಗಿ ಹೊಳೆಯಿತು. ಸರಿಯಾಗಿ ಆರೂವರೆಗೆ ಸೈಕಲ್ಲಿನ ಗಂಟೆ ಕೇಳಿದಾಗ ಅವಳು ಕಿಟಕಿಯ ಪರದೆಯ ಹಿಂದೆ ನಿಂತಿದ್ದಳು. ಪಟ್ಟಾಭಿರಾಮ ನಿಲ್ಲಲಿಲ್ಲ, ಆದರೆ ಅವರ ತಲೆ ಇತ್ತ ತಿರುಗಿತು. ಗುರುವಾರವೂ ತಿರುಗಿತು.

ಶುಕ್ರವಾರ ಹೂವಿನ ಮಾರಕ್ಕ ಬಂದಳು. ಪ್ರತಿ ಶುಕ್ರವಾರ "ಅಮ್ಮಾ, ಹೂವು" ಎಂದು ಕೂಗಿ ಒಂದು ಮೊಳ ಮಲ್ಲಿಗೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಹೋಗುವವಳು. ಅವತ್ತು ಬಾಗಿಲ ಮುಂದಿನ ನೆಲ ನೋಡಿದಳು, ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಪಕ್ಕದ ಮನೆಗೆ ಹೋದಳು. ಹಣ ಕೈಯಲ್ಲಿ ಹಿಡಿದು ಒಳಗೆ ನಿಂತಿದ್ದ ಪಂಕಜಾಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದವರು ಅಂಜಿನಮ್ಮ. ಅವರು ಮನೆಯ ಒಡತಿ. ಹಿಂದೆ ಅಲ್ಲೆಲ್ಲ ಅವರ ರಾಗಿ ಹೊಲವಿದ್ದು, ಈಗ ಸಾಲಾಗಿ ನಾಲ್ಕು ಬಾಡಿಗೆ ಮನೆಗಳಾಗಿದ್ದವು. ಕೊಟ್ಟಿಗೆಯ ಕೆಲಸ ಮುಗಿಸಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡೇ ಬಂದವರು ಮೆಟ್ಟಿಲು ಹತ್ತದೆ, ಬೀದಿಯಲ್ಲೇ ನಿಂತರು.

"ಪಂಕಜಮ್ಮಾ, ಯಾರವ್ವಾ ಓದೋರು?"

"ಏನು ಅಂಜಿನಮ್ಮಾ?"

"ಅಯ್ಯೋ, ಬಾಯಿಬುಟ್ಟು ಎಂಗೆ ಕೇಳ್ಲಿ. ಮೂರು ದಿನದಿಂದ ನೋಡ್ತಾ ಇವ್ನಿ, ಬಾಗ್ಲಲ್ಲಿ ಒಂದು ಎಳೆ ಇಲ್ಲ. ಸುಕ್ರವಾರನೂ ಇಲ್ಲ ಅಂದ್ರೆ ಇನ್ನೇನು? ನಿಮ್ ಕಡೆಯೋರೋ, ಯಜಮಾನ್ರ ಕಡೆಯೋರೋ?"

ಸಾವಿನ ಮನೆಯ ಮುಂದೆ ರಂಗೋಲಿ ಇರುವುದಿಲ್ಲ. ಇದು ಅವಳಿಗೆ ಗೊತ್ತಿಲ್ಲದ ವಿಷಯವೇ? ಅತ್ತೆ ಹೋದಾಗ ಹತ್ತು ದಿನ ಇದೇ ಬಾಗಿಲು ಹೀಗೇ ಇತ್ತು. ಪಟ್ಟಾಭಿರಾಮರ ಎರಡು ಕಣ್ಣುಗಳನ್ನೇ ನೆನೆಯುತ್ತ ಬೀದಿಗೆ ಇನ್ನೂ ಎಷ್ಟೋ ಕಣ್ಣುಗಳಿವೆ ಎಂಬುದನ್ನು ಅವಳು ಮರೆತಿದ್ದಳು. ಇಲ್ಲ ಅಂಜಿನಮ್ಮಾ, ಯಾರೂ ಹೋಗಿಲ್ಲ ಎನ್ನಬೇಕು. ಹಾಗಾದರೆ ರಂಗೋಲಿ ಯಾಕಿಲ್ಲ? ಕೈ ನೋವು. ಮಂಗಳವಾರ ಇಷ್ಟು ದೊಡ್ಡದು ಹಾಕಿದ್ದೆಯಲ್ಲ? ಪ್ರಶ್ನೆಗಳು ಒಂದರ ಹಿಂದೊಂದು ನಿಂತದ್ದು ಅವಳಿಗೆ ಕಂಡಿತು. ಅವಳು ತಲೆ ತಗ್ಗಿಸಿದಳು. ಅಷ್ಟೇ ಅವಳು ಮಾಡಿದ್ದು.

"ಬುಡು, ಯೇಳ್ಬ್ಯಾಡ. ಸಂಕ್ಟದಾಗೆ ಮಾತು ಬರಾಕಿಲ್ಲ." ಅಂಜಿನಮ್ಮ ಸೆರಗಿನಲ್ಲಿ ಮುಚ್ಚಿ ತಂದಿದ್ದ ಒಂದು ಚೊಂಬು ಹಾಲನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟರು. "ಒಟ್ಟೆಗೆ ಇಲ್ದಂಗೆ ಇರ್ಬ್ಯಾಡ. ಚೊಂಬು ಅಲ್ಲೇ ಇಕ್ಕು, ಸೂತಕ ಕಳೀಲಿ, ಆಮ್ಯಾಕೆ ತಕಂತೀನಿ."

ಅವತ್ತು ಸಂಜೆ ಜಯಸಿಂಹ ಒಳಗೆ ಬಂದವನೇ ಬಾಗಿಲು ಹಾಕಿಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತ.

"ನಮ್ಮ ಮನೇಲಿ ಯಾರು ಸತ್ತಿದ್ದು ಅಂತ ನನಗೂ ಒಂದು ಮಾತು ಹೇಳಬಾರ್ದೇನೇ?"

ಮನೆಯ ಒಡೆಯ ಹನುಮಂತರಾಯಪ್ಪ ದಾರಿಯಲ್ಲಿ ಅವನ ಹೆಗಲು ತಟ್ಟಿ, 'ಮನ್ಸ ಅಂದ್ಮ್ಯಾಕೆ ಓಗೋದೇ ಕಣಪ್ಪ' ಎಂದಿದ್ದರಂತೆ. "ನಾನು ಯಾರು ಅಂತ ಅವರನ್ನೇ ಕೇಳೋಕಾಗುತ್ತಾ? ಹೂಂ ಅಂದೆ" ಎನ್ನುತ್ತ ಜಯಸಿಂಹ ನಕ್ಕ. ಪಂಕಜಾಗೂ ನಗು ಬಂತು. ಎಷ್ಟೋ ದಿನದ ಮೇಲೆ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು, ಹೊರಗೆ ಕೇಳದ ಹಾಗೆ ನಕ್ಕರು. ಸೂತಕದ ಮನೆಯಲ್ಲಿ ನಗು ಕೇಳಬಾರದಲ್ಲ.

ಆಮೇಲೆ ಅವನು ಹೇಳಿದ: "ಯೋಚನೆ ಮಾಡಿದ್ರೆ ಒಳ್ಳೇದೇ ಆಯ್ತು. ಹನ್ನೊಂದು ದಿನ ಯಾರೂ ಏನೂ ಕೇಳಲ್ಲ. ಅಷ್ಟರಲ್ಲಿ ಬೋರ್ಡು ಮುಗಿದಿರುತ್ತೆ."

"ಹಾಗನ್ನಬೇಡ್ರೀ."

"ಯಾರ ಹೆಸರೂ ಹೇಳಿಲ್ವಲ್ಲ."

ಹೆಸರು ಹೇಳಿರಲಿಲ್ಲ. ಆದರೆ ದೇವರ ದೀಪ ಹಚ್ಚುವಾಗ ಪಂಕಜಾ ಕಿಟಕಿ ಮುಚ್ಚಿದಳು. ಗಂಟೆ ಅಲ್ಲಾಡಿಸಲಿಲ್ಲ. ಯಾರಿಗೂ ಕೇಡು ಬಗೆಯದ ತಾನು ಹೆಸರಿಲ್ಲದ ಒಂದು ಸಾವನ್ನು ಮನೆಯೊಳಗೆ ತಂದಿಟ್ಟುಕೊಂಡೆನಲ್ಲ, ಅದು ಯಾರದೆಂದು ಗೊತ್ತಾಗದೆ ಮನೆಯಲ್ಲೇ ಸುತ್ತಾಡುತ್ತದೇನೋ ಅನ್ನಿಸಿತು. ಕುಮುದಳ ನೆನಪಾಯಿತು. ಅತ್ತೆಯ ಪಟಕ್ಕೆ ಎರಡೆರಡು ಸಲ ಕೈ ಮುಗಿದಳು.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹಿಂದುಮುಂದು ಮಾಡಿ, ಕುಮುದಳ ಪೆನ್ಸಿಲ್ಲಿನಿಂದ ಪಂಕಜಾ ತನ್ನ ಹೆಸರು ಬರೆದಳು. ಬೆರಳು ಸುರುಟಲಿಲ್ಲ. ಮತ್ತೆ ಬರೆದಳು. ಮೂರನೆಯ ಸಲವೂ ಅಕ್ಷರ ದುಂಡಗೆ, ಮಾನಪತ್ರದ ಹಾಗೆ ಬಂತು. ಸಂತೋಷವಾಗಬೇಕಾಗಿತ್ತು. ಆದರೆ ಅವಳು ಪೆನ್ಸಿಲ್ ಕೆಳಗಿಟ್ಟಳು. ಹಾಗಾದರೆ ಎಲ್ಲರೂ ಹೇಳುವುದು ನಿಜವೇ? ನನಗೇ ಗೊತ್ತಿಲ್ಲದ ಹಾಗೆ ನಾನು ನಟಿಸುತ್ತಿದ್ದೇನೆಯೇ? ಕೆಲಸದ ಬೇಸರವೇ, ಸೊಕ್ಕೇ, ಇನ್ನೇನು ನನ್ನೊಳಗೆ ಕೂತು ಬೆರಳನ್ನು ಎಳೆಯುತ್ತಿದೆ? ಸೋಮವಾರವೂ ಹೀಗೇ ಚೆನ್ನಾಗಿ ಬರೆದುಬಿಟ್ಟರೆ? ನಾಲ್ಕನೆಯ ಸಲಕ್ಕೆ ಪೆನ್ಸಿಲ್ ಊರುವಾಗ ಬೀದಿಯಲ್ಲಿ ಯಾವುದೋ ಸೈಕಲ್ಲಿನ ಗಂಟೆ ಆಯಿತು. ಬೆರಳು ಸರಕ್ಕನೆ ಒಳಕ್ಕೆ ಮಡಿಸಿಕೊಂಡಿತು. ಹಾಳೆ ಹರಿಯಿತು. ಅವಳಿಗೆ ಉಸಿರು ಬಂದಂತಾಯಿತು. ತನ್ನ ಕೈ ಕೆಟ್ಟಿದ್ದಕ್ಕೆ ತಾನೇ ಹಗುರಾದೆನೆಂಬುದು ಹೊಳೆದಾಗ ಹಾಳೆಯನ್ನು ಒಲೆಗೆ ಹಾಕಿದಳು.

ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ಹೋದವಳು ಬಚ್ಚಲ ಬಾಗಿಲಿಗೆ ಚಿಲಕ ಹಾಕಿಕೊಂಡಳು. ಸೆರಗಿನಲ್ಲಿ ರಂಗೋಲಿಯ ಡಬ್ಬಿ ಇತ್ತು. ನೋಡುವವರು ಯಾರೂ ಇಲ್ಲ. ಒಂದು ಪುಟ್ಟ ಎಳೆ, ಅಷ್ಟೇ. ಐದು ದಿನದಿಂದ ಬೆರಳು ಅದಕ್ಕಾಗಿ ಹಸಿದಿತ್ತು. ಚಿಟಿಕೆ ಪುಡಿ ತೆಗೆದುಕೊಂಡು ಕಲ್ಲಿನ ಮೇಲೆ ಕೈ ಚಾಚಿದಳು. ತೋರುಬೆರಳು ಸುರುಟಿಕೊಂಡಿತು.

ಪುಡಿ ಒಂದೇ ಕಡೆ ಗುಡ್ಡೆಯಾಗಿ ಬಿತ್ತು. ಅವಳು ಎಡಗೈಯಿಂದ ಬೆರಳನ್ನು ಬಿಡಿಸಿ, ಮತ್ತೆ ಪುಡಿ ತೆಗೆದುಕೊಂಡಳು. ಮತ್ತೆ ಸುರುಟಿತು. ಇಷ್ಟು ದಿನ ಪೆನ್ನಿನ ಹತ್ತಿರ ಮಾತ್ರ ಇದ್ದದ್ದು ಈಗ ಇಲ್ಲಿಗೂ ಬಂದಿತ್ತು. ನಾಳೆ ಈಳಿಗೆಮಣೆಗೆ ಬರುತ್ತದೆ. ನಾಡಿದ್ದು ಕುಮುದಳ ಜಡೆಗೆ. ಅವಳು ತಂಬಿಗೆಯಿಂದ ನೀರು ಸುರಿದು ಆ ಬಿಳಿಯನ್ನೆಲ್ಲ ತೊಳೆದಳು. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ, 'ಒಳ್ಳೇದೇ ಆಯ್ತು' ಎಂದುಬಿಟ್ಟಾನು ಎಂಬ ಭಯವಿತ್ತು.

ಸೋಮವಾರ ಕಾರ್ಖಾನೆಯ ಡಿಸ್ಪೆನ್ಸರಿಯ ಒಳಕೋಣೆಯಲ್ಲಿ ಬೋರ್ಡು ಕೂತಿತು. ಪರ್ಸನೆಲ್ ಆಫೀಸರು, ಕಾರ್ಖಾನೆಯ ಡಾಕ್ಟರು, ಹೊರಗಿನಿಂದ ಕರೆಸಿದ್ದ ನರರೋಗದ ಡಾಕ್ಟರು. ಈ ಹೊರಗಿನ ಡಾಕ್ಟರು ವಯಸ್ಸಾದವರು, ದಪ್ಪ ಕನ್ನಡಕ, ಮಾತು ಮೆಲ್ಲಗೆ. ಮೂಲೆಯಲ್ಲಿ ಫೈಲು ಹಿಡಿದು ಪಟ್ಟಾಭಿರಾಮ ನಿಂತಿದ್ದರು.

"ನಿಮ್ಮ ಹೆಸರು, ವಿಳಾಸ ಬರೀರಮ್ಮ" ಎಂದರು ಹೊರಗಿನ ಡಾಕ್ಟರು.

ಅವಳು ಬರೆದಳು. 'ಪಂ' ಆಗುವಷ್ಟರಲ್ಲಿ ಬೆರಳು ಮಡಿಸಿಕೊಂಡಿತು, ಮಣಿಕಟ್ಟು ಹೊರಳಿತು, ಪೆನ್ನು ಕಾಗದವನ್ನು ಸೀಳಿತು. ಡಾಕ್ಟರು ಮುಂದೆ ಬಾಗಿ ಬೆರಳನ್ನೇ ನೋಡಿದರು. ಅವರ ಮುಖದಲ್ಲಿ ಪರಿಚಯದವರನ್ನು ಕಂಡಂಥ ಒಂದು ಕಳೆ ಬಂತು.

"ತರಕಾರಿ ಹೆಚ್ಚೋಕಾಗುತ್ತಾ?"

"ಆಗಲ್ಲ."

"ತಲೆ ಬಾಚ್ಕೊಳ್ಳೋದು? ಹೂ ಕಟ್ಟೋದು?"

"ಆಗಲ್ಲ ಡಾಕ್ಟ್ರೇ."

"ರಂಗೋಲಿ?"

ಮೂಲೆಯಲ್ಲಿ ಫೈಲಿನ ದಾರ ಎಳೆದ ಸದ್ದಾಯಿತು. "ಆಗಲ್ಲ" ಎಂದಳು ಪಂಕಜಾ. ಅದೊಂದು ಈಗ ಸುಳ್ಳೂ ಆಗಿರಲಿಲ್ಲ.

ಡಾಕ್ಟರ ಮುಖದ ಕಳೆ ಆರಿತು. ತಮ್ಮ ಬೆರಳನ್ನು ಕೊಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿದರು, ಬಿಡಲು ಹೇಳಿದರು, ಮೊಣಕೈಗೆ ತಟ್ಟಿ ನೋಡಿದರು. ಆಮೇಲೆ ಪಕ್ಕದವರ ಕಡೆ ತಿರುಗಿ, "ಶಕ್ತಿ ಇದೆ. ಶಕ್ತಿ ಇದ್ದೂ ಯಾವ ಕೆಲಸವೂ ಆಗಲ್ಲ ಅಂದ್ರೆ ನನಗೆ ತಾಳೆ ಆಗ್ತಿಲ್ಲ. ಬರೆಯೋಕೆ ಮಾತ್ರ ಆಗಲ್ಲ, ಮಿಕ್ಕಿದ್ದೆಲ್ಲ ಸಲೀಸು ಅಂತ ಬರೋರನ್ನ ನೋಡಿದೀನಿ. ಅದಕ್ಕೊಂದು ಹೆಸರಿದೆ. ಹಿಂದೆ ನಾವೂ ಅದನ್ನ ಮನಸ್ಸಿನ ಕಾಯಿಲೆ ಅಂತಲೇ ಅಂದ್ಕೊಂಡಿದ್ವಿ, ಈಗೀಗ ಹಾಗನ್ನಲ್ಲ. ಆದ್ರೆ ಇವರದು..." ಎಂದು ಪೆನ್ನಿನ ಮುಚ್ಚಳ ತೆಗೆದರು.

ಯಾವುದನ್ನು ಒಂದು ವಾರದಿಂದ ನೀರು ಹಾಕಿ ತೊಳೆದು ಬಚ್ಚಿಟ್ಟಳೋ ಅದೇ ಅವಳ ಸಾಕ್ಷಿಯಾಗಿತ್ತು.

"ಸಾರ್," ಎಂದು ಮೂಲೆಯಿಂದ ಪಟ್ಟಾಭಿರಾಮ ಒಂದು ಹೆಜ್ಜೆ ಮುಂದೆ ಬಂದರು. ಈಗ ಹೇಳುತ್ತಾರೆ, ಹದಿನೈದು ಚುಕ್ಕಿ ಎಂದು ಈಗ ಹೇಳುತ್ತಾರೆ ಎಂದು ಅವಳು ಕುರ್ಚಿಯ ಅಂಚು ಹಿಡಿದಳು. ಪಟ್ಟಾಭಿರಾಮ ದನಿ ತಗ್ಗಿಸಿದರು. "ಸಾರ್, ಅವರ ಮನೇಲಿ ಸೂತಕ. ಯಾರೋ ತೀರಿಕೊಂಡಿದಾರೆ. ಮೇಡಂ ಸ್ವಲ್ಪ ಗಾಬರಿಯಲ್ಲಿದಾರೆ."

"ಓ, ಮೊದಲೇ ಹೇಳೋದಲ್ವೇನ್ರೀ" ಎಂದರು ಆಫೀಸರು. ಹೊರಗಿನ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಗುರುವಾರ ಅವರು ಮತ್ತೆ ಬರುವುದಿತ್ತು. ಗುರುವಾರವೇ ನೋಡೋಣ ಎಂದಾಯಿತು.

ಡಿಸ್ಪೆನ್ಸರಿಯ ವರಾಂಡದಲ್ಲಿ ಡಾಕ್ಟರು ಕಾರಿಗಾಗಿ ಕಾಯುತ್ತಿದ್ದಾಗ ಪಂಕಜಾ ಅವರೆದುರು ಹೋಗಿ ನಿಂತಳು.

"ರಂಗೋಲಿ ಆಗ್ತಿತ್ತು ಡಾಕ್ಟ್ರೇ. ಎಲ್ಲಾ ಆಗ್ತಿತ್ತು. ಬರೆಯೋದು ಮಾತ್ರ ಆಗ್ತಿರ್ಲಿಲ್ಲ. ನಂಬಲ್ಲ ಅಂತ ಬಿಟ್ಟುಬಿಟ್ಟೆ. ನಿನ್ನೆ ಹಾಕೋಕೆ ಹೋದ್ರೆ... ಅದೂ ಇಲ್ಲ."

ಅವರು ಅವಳ ಬೆರಳುಗಳ ಕಡೆ ನೋಡಿದರು. "ಎಷ್ಟು ದಿನದಿಂದ ಬಿಟ್ಟಿದೀರಿ?"

"ಆರು ದಿನ."

"ಹೆದರಿಕೆಯಿಂದ ನಿಮಗೆ ಈ ಕಾಯಿಲೆ ಬಂದಿಲ್ಲಮ್ಮ. ಇದು ನಿಜವಾದ ಕಾಯಿಲೆ. ಆದ್ರೆ ಪೆನ್ನಿನಷ್ಟಕ್ಕೆ ಇದ್ದಿದ್ದನ್ನ ಹೆದರಿಕೆ ಮನೆ ತುಂಬ ಹರಡ್ತಾ ಇದೆ. ಕೈ ಯಾವಾಗ ಸುರುಟುತ್ತೋ ಅಂತ ಕಾಯ್ಕೊಂಡು ಕೂತ್ರೆ ಅದು ಸುರುಟದೆ ಏನ್ಮಾಡುತ್ತೆ? ಮೊದಲು ಏನೇನು ಮಾಡ್ತಿದ್ರೋ ಎಲ್ಲ ಮಾಡಿ, ಮೊದಲು ಎಲ್ಲಿ ಮಾಡ್ತಿದ್ರೋ ಅಲ್ಲೇ ಮಾಡಿ. ಬಚ್ಚಲಲ್ಲಿ ಅಲ್ಲ." ಬಚ್ಚಲಿನ ಮಾತು ಅವಳು ಹೇಳಿರಲಿಲ್ಲ. "ಗುರುವಾರ ಮೊದಲಿನ ಕೈನ ಕರ್ಕೊಂಡ್ಬನ್ನಿ. ನಾನು ಬರೆಯೋದು ಅದನ್ನ ನೋಡಿ."

"ಬರದೇ ಇದ್ರೆ?"

ಕಾರು ಬಂತು. ಅವರು ಬಾಗಿಲು ತೆಗೆದು ಹತ್ತಿದರು.

ಸಂಜೆ ಜಯಸಿಂಹ ಒಪ್ಪಲಿಲ್ಲ. ಸೂತಕದ ಮನೆಯ ಮುಂದೆ ರಂಗೋಲಿ ಹಾಕಿದರೆ ಬೀದಿಯವರು ಏನಂದಾರು, ಪಟ್ಟಾಭಿರಾಮ ಅಷ್ಟೆಲ್ಲ ನಿಂತು ಹೇಳಿದ ಮೇಲೆ ಏನಂದಾನು, ನಾಳೆ ಒಂದು ದಿನ ತಡಿ, ಒಳಗೇ ಅಭ್ಯಾಸ ಮಾಡು. ಪಂಕಜಾ ಕೇಳಿಸಿಕೊಂಡಳು. ನಂತರ ಕೇಳಿದಳು: "ಅವತ್ತು 'ನಾನೇ' ಅಂತ ಹೇಳೋಕೆ ಹೋಗಿ ನಿಲ್ಲಿಸಿದ್ರಲ್ಲ. ನಾನೇ ನಂಬಲ್ಲ ಅಂತ ತಾನೇ?"

ಜಯಸಿಂಹ ತಟ್ಟೆಯಲ್ಲಿ ಅನ್ನ ಕಲೆಸುತ್ತಲೇ ಇದ್ದ. "ಕೆಲವೊಂದ್ಸಲ" ಎಂದ.

"ನನಗೂ ಕೆಲವೊಂದ್ಸಲ" ಎಂದಳು ಪಂಕಜಾ.

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಅವಳು ಬಾಗಿಲು ತೆರೆದಳು. ಗುಡಿಸಿದಳು. ನೀರು ಚಿಮುಕಿಸಿದಳು. ಡಬ್ಬಿ ಇಟ್ಟುಕೊಂಡು ಬಗ್ಗಿದಳು. ಚಿಟಿಕೆ ಪುಡಿ. ಬೆರಳು ಸುರುಟಿತು, ಒದ್ದೆ ನೆಲದ ಮೇಲೆ ಬಿಳಿಯ ಮುದ್ದೆಯೊಂದು ಬಿತ್ತು. ಕಾಲಿನಿಂದ ಅಳಿಸಿದಳು. ಮತ್ತೊಂದು ಚಿಟಿಕೆ, ಮತ್ತೊಂದು ಮುದ್ದೆ. ಎದುರಿನ ಮನೆಯ ಕಿಟಕಿ ತೆರೆಯಿತು. ಬೆವರು ಹಣೆಯಿಂದ ಮೂಗಿಗೆ ಇಳಿಯಿತು. ಎದ್ದು ಒಳಗೆ ಹೋಗಿಬಿಡೋಣ, ಒಂದು ದಿನ ತಡೆಯೋಣ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

"ಏಯ್ ಪಂಕಜಮ್ಮಾ! ಏನವ್ವಾ ಮಾಡ್ತಾ ಇದ್ದೀಯೆ? ತಲೆ ಗಿಲೆ ಕೆಟ್ಟೈತಾ? ಸೂತಕದ ಬಾಗ್ಲಿಗೆ ಯಾರಾರ ರಂಗೋಲಿ ಬುಡ್ತಾರಾ? ಏಳು, ಮ್ಯಾಕೇಳು!"

ಸಗಣಿಯ ಬುಟ್ಟಿ ಹಿಡಿದ ಅಂಜಿನಮ್ಮ ಓಡಿ ಬರುತ್ತಿದ್ದರು.

"ಯಾರೂ ಸತ್ತಿಲ್ಲ ಅಂಜಿನಮ್ಮಾ" ಎಂದಳು ಪಂಕಜಾ, ತಲೆ ಎತ್ತದೆ.

"ಆಂ?"

"ಯಾರೂ ಹೋಗಿಲ್ಲ. ನೀವು ಕೇಳಿದಾಗ ನಾನು ಸುಮ್ಮನಿದ್ದೆ. ನನ್ನ ಕೈಗೆ ಬರೆಯೋಕಾಗಲ್ಲ. ರಂಗೋಲಿ ಹಾಕೋದು ಕಂಡ್ರೆ ಸುಳ್ಳು ಕಾಯಿಲೆ ಅಂತಾರೆ ಅಂತ ಹೆದರಿ ನಿಲ್ಲಿಸಿದ್ದು. ಕೆಲಸ ಹೋಗುತ್ತೆ ಅಂತ. ಅಷ್ಟೇ."

"ಅಷ್ಟೇನಾ? ಅಷ್ಟೇ ಅಂತೀಯಲ್ಲವ್ವಾ! ನಿನ್ ಬಾಗ್ಲಿಗೆ ಬಂದು ಓದಾಗೆಲ್ಲ ತಣ್ಣೀರಲ್ಲಿ ತಲೆಗುಯ್ಕಂಡಿವ್ನಿ ಕಣೇ ನಾನು! ಇವತ್ತಿಗೂ ಮೂಗು ಸೋರ್ತಾ ಐತೆ! ಬದುಕಿರೋರ್ನ ಸಾಯ್ಸೋಕೆ ನಿಂಗೆ ಮನ್ಸಾದ್ರೂ ಎಂಗೆ ಬಂತು?"

"ಯಾರ ಹೆಸರೂ ಹೇಳಿಲ್ಲ ಅಂಜಿನಮ್ಮಾ."

"ಎಸ್ರು ಯೇಳಿಲ್ವಂತೆ! ನಾನು ಮೂರು ದಿನ ಕೂತ್ಕಂಡು ಯೋಚ್ನೆ ಮಾಡಿವ್ನಿ, ಅವರತ್ತೆ ಓಗವ್ರೆ, ಮಾವ ಓಗವ್ರೆ, ಇನ್ಯಾರು ಉಳ್ದವ್ರೆ ಅಂತ. ನಿಮ್ಮವ್ವ ಅಂದ್ಕಂಡು ಅತ್ತೂಬುಟ್ಟೆ ಕಣೇ, ಆವಮ್ಮ ಓದ ವರ್ಸ ಬಂದಾಗ ನಂಗೆ ಉಪ್ಪಿನಕಾಯಿ ಕೊಟ್ಟಿದ್ರು!"

"ಅಮ್ಮ ಚೆನ್ನಾಗಿದಾರೆ. ಕುಮುದ ಅಲ್ಲೇ ಇದಾಳೆ. ತಪ್ಪಾಯ್ತು ಅಂಜಿನಮ್ಮಾ, ನಿಜವಾಗಿಯೂ ತಪ್ಪಾಯ್ತು" ಎನ್ನುತ್ತ ಪಂಕಜಾ ಅವರ ಮುಖ ನೋಡಿದಳು. ಅಂಜಿನಮ್ಮ ಬಾಯಿ ತೆರೆದವರು ಮಾತಾಡದೆ ನೆಲವನ್ನು ನೋಡುತ್ತಿದ್ದರು.

ನೆಲದ ಮೇಲೆ, ಮಾತಿನ ನಡುವೆ ಅವಳೇ ಗಮನಿಸದೆ ಇಟ್ಟ ಏಳು ಚುಕ್ಕಿಗಳಿದ್ದವು. ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ. ಎಂಟನೆಯದು ಅವಳ ಬೆರಳ ತುದಿಯಲ್ಲಿತ್ತು. ನೋಡಿದ್ದೇ ತಡ ಬೆರಳು ಬಿಗಿಯಿತು, ಎಂಟನೆಯ ಚುಕ್ಕಿ ದಪ್ಪನಾಗಿ ಬಿತ್ತು.

"ಬಯ್ಯಿರಿ ಅಂಜಿನಮ್ಮಾ. ನಿಲ್ಲಿಸಬೇಡಿ."

"ಇದೊಳ್ಳೆ ಕಥೆಯಾಯ್ತಲ್ಲಪ್ಪಾ" ಎಂದರೂ ಅಂಜಿನಮ್ಮ ನಿಲ್ಲಿಸಲಿಲ್ಲ. ಚೊಂಬು ವಾಪಸ್ಸು ಕೊಡು ಎಂದರು, ಹಾಲು ಕುಡಿದೆಯೋ ಚೆಲ್ಲಿದೆಯೋ ಎಂದರು, ಓದಿದೋರ ಬುದ್ಧಿಗಿಷ್ಟು ಎಂದರು. ಪಂಕಜಾ ಒಂದೊಂದಕ್ಕೂ ಉತ್ತರ ಕೊಡುತ್ತ ಸಾಲು ಮುಗಿಸಿ ಮುಂದಿನ ಸಾಲಿಗೆ ಹೋದಳು. ಎಲ್ಲ ಚುಕ್ಕಿಗಳೂ ನೆಟ್ಟಗಿರಲಿಲ್ಲ. ಅಲ್ಲಲ್ಲಿ ಮುದ್ದೆ ಬಿತ್ತು. ಅಳಿಸಲಿಲ್ಲ.

ಗಂಟೆಯ ಸದ್ದಾಯಿತು. ಆರೂವರೆ. ಸೈಕಲ್ಲಿನಿಂದ ಇಳಿದ ಪಟ್ಟಾಭಿರಾಮ ರಂಗೋಲಿಯನ್ನೂ ಅವಳನ್ನೂ ನೋಡಿದರು.

"ಏನ್ ಮೇಡಂ ಇದು? ಸೂತಕ ಅಂತ ನಾನು ಬೋರ್ಡಿನ ಮುಂದೆ..."

"ಸೂತಕ ಇಲ್ಲ ಸಾರ್. ನಿಮ್ಮ ಬಾಯಲ್ಲಿ ಸುಳ್ಳು ಹೇಳಿಸಿದ ಹಾಗಾಯ್ತು, ಕ್ಷಮಿಸಿ. ನಿಮ್ಮ ಪೆನ್ನು ಕೊಡಿ."

"ಆಂ?"

"ಪೆನ್ನು. ಒಂದು ಕಾಗದ."

ಜೇಬಿನಲ್ಲಿದ್ದ ಪೆನ್ನನ್ನೂ ಯಾವುದೋ ಹಳೆಯ ಲಕೋಟೆಯನ್ನೂ ಅವರು ಕೊಟ್ಟರು. ಪಂಕಜಾ ಕೈಯ ಪುಡಿ ಒರೆಸಿಕೊಂಡು, ಲಕೋಟೆಯನ್ನು ಗೋಡೆಗೆ ಒತ್ತಿ ಹಿಡಿದು ಹೆಸರು ಬರೆಯಲು ಹೋದಳು. ಇಬ್ಬರೂ ನೋಡುತ್ತಿದ್ದಂತೆ ತೋರುಬೆರಳು ಮಡಿಸಿಕೊಂಡಿತು. ಮಣಿಕಟ್ಟು ಹೊರಳಿತು. ಪೆನ್ನಿನ ಮೊನೆ ಲಕೋಟೆಯನ್ನು ಸೀಳಿ ಗೋಡೆಯ ಸುಣ್ಣ ಕೆರೆಯಿತು.

"ಅಯ್ಯೋ ಸಿವನೇ" ಎಂದರು ಅಂಜಿನಮ್ಮ. ಅವರು ಆ ಕೈಯನ್ನು ಹಾಗೆ ಕಂಡಿರಲಿಲ್ಲ.

"ಇದನ್ನ ಫೈಲಿಗೆ ಹಾಕಿ ಸಾರ್," ಎಂದು ಪಂಕಜಾ ಲಕೋಟೆ ಕೊಟ್ಟಳು. "ಗುರುವಾರ ಡಾಕ್ಟ್ರು ಕೇಳಿದ್ರೆ ನೀವೇ ಹೇಳಿ. ರಂಗೋಲಿ ಹಾಕ್ತಾರೆ, ನಾನು ನೋಡಿದೀನಿ, ಬರೆಯೋಕಾಗಲ್ಲ, ಅದನ್ನೂ ನೋಡಿದೀನಿ ಅಂತ. ಎರಡನ್ನೂ ಒಟ್ಟಿಗೆ ಹೇಳಿ. ಒಂದನ್ನೇ ಹೇಳಬೇಡಿ."

ಪಟ್ಟಾಭಿರಾಮ ಹರಿದ ಲಕೋಟೆಯನ್ನು ತಿರುಗಿಸಿ ನೋಡಿದರು. ನಂತರ ಅದನ್ನು ಎರಡು ಮಡಿಕೆ ಮಾಡಿ, ಪೆನ್ನಿನ ಜೊತೆಗಲ್ಲದೆ ಇನ್ನೊಂದು ಜೇಬಿನಲ್ಲಿ, ಜೋಪಾನವಾಗಿ ಇಟ್ಟುಕೊಂಡರು. "ಇನ್ನೂ ಚುಕ್ಕಿ ಸೇರಿಸಿಲ್ಲ ನೀವು" ಎಂದರು. "ಪೂರ್ತಿ ನೋಡ್ಕೊಂಡೇ ಹೋಗ್ತೀನಿ. ಕೇಳಿದ್ರೆ ಸರಿಯಾಗಿ ಹೇಳಬೇಕಲ್ಲ."

ಬಾಗಿಲಲ್ಲಿ ಜಯಸಿಂಹ ಬಂದು ನಿಂತಿದ್ದ. ಎದುರು ಮನೆಯ ಕಿಟಕಿಯಲ್ಲಿ ಮೂರು ಮುಖಗಳಿದ್ದವು. ಇಷ್ಟು ಕಣ್ಣುಗಳ ನಡುವೆ ಪಂಕಜಾ ಬಗ್ಗಿದಳು, ಡಬ್ಬಿಗೆ ಕೈ ಹಾಕಿದಳು. ಈಗಷ್ಟೇ ಸುರುಟಿದ್ದ ಬೆರಳು ಇನ್ನೂ ಬಿಸಿಯಾಗಿತ್ತು. ಅದು ಬಿಚ್ಚುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

"ಚೊಂಬು ಕೊಡು ಅಂದ್ರಲ್ಲ ಅಂಜಿನಮ್ಮಾ," ಎಂದಳು, ಕೈಯನ್ನು ನೋಡದೆ. "ಅಡುಗೆಮನೆ ಕಟ್ಟೆ ಮೇಲಿದೆ. ಒಳಗೆ ಬಂದು ತಗೊಳ್ಳಿ."

ಮೊದಲ ಎಳೆ ಎಡಗಡೆಯ ಚುಕ್ಕಿಯಿಂದ ಹೊರಟು, ನಡುವೆ ಒಮ್ಮೆ ಅದುರಿ, ಎಂಟನೆಯ ದಪ್ಪ ಚುಕ್ಕಿಯನ್ನು ಬಳಸಿಕೊಂಡು ಮುಂದಕ್ಕೆ ಹೋಯಿತು.